ಕಂಡವರ ನೆಲ, ನಮ್ಮ ಬೆಂಬಲ

ಪ್ಯಾಲೆಸ್ಟೀನಿನ ಹಮಾಸ್ ಸಂಘಟನೆ ಇಸ್ರೇಲಿನ ಮೇಲೆ ದಾಳಿ ಮಾಡಿ ಗಾಜಾದಲ್ಲಿ ಯುದ್ಧ ಶುರುವಾದ 2023ರ ಅಕ್ಟೋಬರ್ ಕಳೆದ ಮೇಲೆ ಒಂದು ಪ್ರಶ್ನೆ ಎಲ್ಲಿ ಹೋದರೂ ಎದುರಾಗುತ್ತಿದೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುವಾಗ, ಆಫೀಸಿನಲ್ಲಿ ಕಾಫಿ ಹೊತ್ತಿಗೆ, ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ. "ನೀವು ಯಾರ ಪರ? ಇಸ್ರೇಲೋ, ಪ್ಯಾಲೆಸ್ಟೀನೋ?" ಕೇಳುವವರಿಗೆ ಒಂದೇ ಮಾತಿನ ಉತ್ತರ ಬೇಕು. ಹೆಚ್ಚಿನವರು ಹಾಗೇ ಕೊಡುತ್ತಾರೆ, ಅದೂ ತಡವಿಲ್ಲದೆ. ನಮ್ಮ ಬೀದಿಯ ಚರಂಡಿ ಯಾವ ಕಡೆ ಹರಿಯಬೇಕು ಅನ್ನುವುದಕ್ಕೆ ತಿಂಗಳುಗಟ್ಟಲೆ ಚರ್ಚೆ ಮಾಡುವ ನಾವು, ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ನೆಲ ಯಾರದು ಅಂತ ಅನ್ನ ಸಾರಿನ ನಡುವೆ ತೀರ್ಮಾನಿಸಿಬಿಡುತ್ತೇವೆ. ಈ ಸಲೀಸುತನ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಯಹೂದಿಗಳಿಗೆ ತಮ್ಮದು ಅನ್ನುವ ಒಂದು ನಾಡು ಬೇಕಿತ್ತೇ, ಅದು ಅಲ್ಲೇ ಆಗಬೇಕಿತ್ತೇ ಅನ್ನುವುದು ದೊಡ್ಡ ವಾದ. ಅದನ್ನು ಅವರವರೇ ನೂರು ವರ್ಷಕ್ಕೂ ಮೇಲೆ ಮಾಡಿಕೊಂಡು ಬಂದಿದ್ದಾರೆ. ಆ ನೆಲಕ್ಕೆ ಸೇರದ ನಾನು, ನೀವು, ಲಂಡನ್ನಿನವರು, ವಾಷಿಂಗ್ಟನ್ನಿನವರು "ಬೆಂಬಲ" ಅಂದಾಗ ಕೊಡುತ್ತಿರುವುದು ಏನನ್ನು? ಅದು ಯಾರ ಕೈಯಿಂದ ಹೋಗುತ್ತದೆ? ನನಗೆ ಯೋಚಿಸಬೇಕು ಅನ್ನಿಸುವುದು ಇದನ್ನು.

ಮೈಸೂರಿನ ಕುದುರೆಗಳು, ಲಂಡನ್ನಿನ ಪತ್ರ

ಬೆಂಗಳೂರಿನ ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಪಡೆಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಸ್ಮಾರಕವಿದೆ. ನಾನು ಅದನ್ನು ಮೊದಲು ಸರಿಯಾಗಿ ನೋಡಿದ್ದು ಒಂದು ಭಾನುವಾರ ಬೆಳಗ್ಗೆ. ಹತ್ತಿರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬೇಲಿಯ ಪಕ್ಕ ಕೂತಿದ್ದ ಒಬ್ಬ ಹಿರಿಯರು, "ಇದು ಮಹಾರಾಜರ ಕುದುರೆ ಸೈನ್ಯದವರದ್ದು ಸಾರ್, ಪರದೇಶಕ್ಕೆ ಹೋಗಿ ಗೆದ್ದುಕೊಂಡು ಬಂದವರು" ಅಂದರು. ಯಾವ ಪರದೇಶ ಅಂತ ಕೇಳಿದೆ. "ಅರಬ್ಬರ ಕಡೆ" ಅಂದರು. ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ.

ಆ ಪರದೇಶದಲ್ಲಿ ಹೈಫಾ ಇತ್ತು, ಈಗ ಇಸ್ರೇಲಿನಲ್ಲಿರುವ ಬಂದರಿನ ಊರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಆ ಊರನ್ನು ತುರ್ಕಿ ಮತ್ತು ಜರ್ಮನ್ ಸೇನೆಯಿಂದ ಕಿತ್ತುಕೊಂಡವು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಬದಿಯಿಂದ ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಿದರು. ಜೋಧಪುರದವರು ಬೆಟ್ಟ ಮತ್ತು ಹೊಳೆಯ ನಡುವಿನ ಕಿರಿದಾದ ದಾರಿಯಲ್ಲಿ ನೇರವಾಗಿ ಊರೊಳಗೆ ನುಗ್ಗಿದರು. ಕೈಯಲ್ಲಿ ಭರ್ಜಿ, ಎದುರಿಗೆ ಮಷೀನ್ ಗನ್. ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿಗೆ ನಿಂತಿವೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆಯ ಭಾಷಣಗಳಲ್ಲಿ ಈ ಕಥೆ ಬರುತ್ತದೆ, ಇಸ್ರೇಲಿಗಾಗಿ ನಮ್ಮವರು ರಕ್ತ ಹರಿಸಿದರು ಅನ್ನುವ ಹಾಗೆ.

ಆ ಹುಡುಗರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ 1918ರಲ್ಲಿ ಇಸ್ರೇಲ್ ಅನ್ನುವ ದೇಶವೇ ಇರಲಿಲ್ಲ. ಮೈಸೂರು ಸಂಸ್ಥಾನದಿಂದ ಹೋದ ಸವಾರರು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಅವರು ಗೆದ್ದ ನೆಲವನ್ನು ಏನು ಮಾಡಬೇಕು ಅಂತ ಲಂಡನ್ನಿನಲ್ಲಿ ಮೊದಲೇ ಒಂದು ಪತ್ರ ಬರೆದಾಗಿತ್ತು. 1917ರ ನವೆಂಬರ್ 2ರಂದು ವಿದೇಶಾಂಗ ಮಂತ್ರಿ ಆರ್ಥರ್ ಬಾಲ್ಫರ್ ಬ್ರಿಟನ್ನಿನ ಯಹೂದಿ ಮುಖಂಡ ಲಾರ್ಡ್ ರಾಥ್‌ಸ್ಚೈಲ್ಡ್ ಅವರಿಗೆ ಬರೆದ ಚಿಕ್ಕ ಪತ್ರ ಅದು. ಪ್ಯಾಲೆಸ್ಟೀನಿನಲ್ಲಿ ಯಹೂದಿ ಜನರಿಗೆ ಒಂದು ರಾಷ್ಟ್ರೀಯ ನೆಲೆ ಕಟ್ಟಲು ಬ್ರಿಟನ್ ನೆರವಾಗುತ್ತದೆ ಅನ್ನುವ ಮಾತು ಅದರಲ್ಲಿತ್ತು. ಅಲ್ಲಿ ಆಗಲೇ ಇದ್ದ ಜನರ ಪೌರ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆಯಾಗಬಾರದು ಅಂತಲೂ ಇತ್ತು. ಅವರ ರಾಜಕೀಯ ಹಕ್ಕಿನ ಮಾತು ಇರಲಿಲ್ಲ. ಅವರು ಅಲ್ಲಿನ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು.

ಬಾಲ್ಫರ್ ಬಗ್ಗೆ ಇನ್ನೊಂದು ವಿಷಯ ಗೊತ್ತಾದಾಗ ಈ ಇಡೀ ಕಥೆ ನನಗೆ ಬೇರೆಯಾಗಿ ಕಾಣಿಸಿತು. ಅವರು 1905ರಲ್ಲಿ ಬ್ರಿಟನ್ನಿನ ಪ್ರಧಾನಿ. ರಷ್ಯಾದಲ್ಲಿ ಯಹೂದಿಗಳ ಮೇಲೆ ದಾಳಿ, ಕೊಲೆ ನಡೆಯುತ್ತಿದ್ದ ಕಾಲ. ಜೀವ ಉಳಿಸಿಕೊಂಡು ಓಡಿ ಬಂದವರು ಲಂಡನ್ನಿನ ಪೂರ್ವ ಭಾಗದಲ್ಲಿ ನೆಲೆಸುತ್ತಿದ್ದರು. ಅವರು ಬರುವುದನ್ನು ಕಡಿಮೆ ಮಾಡಲೆಂದೇ ಆ ವರ್ಷ ಒಂದು ಕಾಯ್ದೆ ಬಂತು. ತಂದದ್ದು ಇದೇ ಬಾಲ್ಫರ್ ಸರ್ಕಾರ. ತನ್ನ ಊರಿನ ಬಾಗಿಲನ್ನು ಅರ್ಧ ಮುಚ್ಚಿದ ಮನುಷ್ಯ ಹನ್ನೆರಡು ವರ್ಷದ ನಂತರ ಇನ್ನೊಬ್ಬರ ಊರಿನ ಬಾಗಿಲನ್ನು ಅಗಲವಾಗಿ ತೆರೆದುಕೊಟ್ಟರು. "ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ" ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಇದು ಅದೇ. ಇಲ್ಲಿ ಖರ್ಚಾದದ್ದು ಮಾತ್ರ ಜನರ ಮನೆ, ಹೊಲ, ಬದುಕು.

ಇದನ್ನು ಆಗಲೇ ಕಂಡು ಹೇಳಿದವರಿದ್ದರು. ಬ್ರಿಟಿಷ್ ಸರ್ಕಾರದ ಮಂತ್ರಿಗಳಲ್ಲಿ ಆಗ ಇದ್ದ ಯಹೂದಿ ಎಡ್ವಿನ್ ಮಾಂಟೆಗು, ನಮಗೆ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಯ ಪಾಠದಿಂದ ಗೊತ್ತಿರುವ ಭಾರತ ಸಚಿವ. ಈ ನೀತಿಯನ್ನು ಅತಿ ಕಟುವಾಗಿ ವಿರೋಧಿಸಿದವರು ಅವರೇ. 1917ರ ಆಗಸ್ಟ್‌ನಲ್ಲಿ ಅವರು ಸಂಪುಟಕ್ಕೆ ಒಂದು ಟಿಪ್ಪಣಿ ಬರೆದರು. ಸರ್ಕಾರದ ಈ ನಡೆಯೇ ಯಹೂದಿ ದ್ವೇಷಕ್ಕೆ ದಾರಿ ಮಾಡುತ್ತದೆ ಅಂದರು. ನಿಮಗೊಂದು ನಾಡು ಬೇರೆ ಕಡೆ ಇದೆ ಅಂತಾದರೆ, ಪ್ರತಿ ದೇಶವೂ ತನ್ನ ಯಹೂದಿ ಪ್ರಜೆಗಳಿಗೆ "ಅಲ್ಲಿಗೇ ಹೋಗಿ" ಅನ್ನುತ್ತದೆ ಅನ್ನುವ ಭಯ ಅವರದ್ದು. ಭಾರತದಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಕೂಡ ಅಲ್ಲಿರುವ ಜನರನ್ನು ಏನು ಮಾಡುತ್ತೀರಿ ಅಂತ ಕೇಳಿದರು. ಬಂಗಾಳವನ್ನು ಒಡೆದವರಿಗೂ ಆ ಪ್ರಶ್ನೆ ಹೊಳೆದಿತ್ತು! ಬಾಲ್ಫರ್ 1919ರಲ್ಲಿ ಕರ್ಜನ್‌ಗೆ ಕಳಿಸಿದ ಟಿಪ್ಪಣಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದರು: ಪ್ಯಾಲೆಸ್ಟೀನಿನಲ್ಲಿ ಈಗಿರುವ ಜನರ ಇಷ್ಟವೇನು ಅಂತ ನೆಪಕ್ಕೂ ಕೇಳುವ ಉದ್ದೇಶ ನಮಗಿಲ್ಲ, ಅಲ್ಲಿನ ಏಳು ಲಕ್ಷ ಅರಬ್ಬರ ಆಸೆಗಳಿಗಿಂತ ಯಹೂದಿ ರಾಷ್ಟ್ರದ ಕನಸು ಬಹಳ ದೊಡ್ಡದು. ಅದೇ ವರ್ಷ ಅಮೆರಿಕದ ಅಧ್ಯಕ್ಷ ವಿಲ್ಸನ್ ಕಳಿಸಿದ ಕಿಂಗ್-ಕ್ರೇನ್ ಆಯೋಗ ಊರೂರು ತಿರುಗಿ ಜನರನ್ನು ನಿಜವಾಗಿಯೂ ಕೇಳಿತು. ಅಲ್ಲಿನವರು ಬೇಡ ಅನ್ನುತ್ತಿದ್ದಾರೆ ಅಂತ ವರದಿ ಕೊಟ್ಟಿತು. ಆ ವರದಿ ಜನರ ಕೈಗೆ ಬಂದಿದ್ದು 1922ರಲ್ಲಿ.

ಬಾಗಿಲು ಮುಚ್ಚಿದವರು

ಇಷ್ಟು ಓದಿದ ಮೇಲೆ, "ಹಾಗಾದರೆ ಹೊರಗಿನವರು ಬೆಂಬಲಿಸಿದ್ದೇ ತಪ್ಪು" ಅಂತ ಬರೆದು ಮುಗಿಸುವುದು ಸುಲಭ. 1938 ಅದಕ್ಕೆ ಬಿಡುವುದಿಲ್ಲ.

ಆ ವರ್ಷದ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಊರಿನಲ್ಲಿ 32 ದೇಶಗಳು ಸೇರಿದವು. ಹಿಟ್ಲರನ ಜರ್ಮನಿ ಮತ್ತು ಆಸ್ಟ್ರಿಯಾದಿಂದ ಓಡುತ್ತಿದ್ದ ಯಹೂದಿಗಳನ್ನು ಯಾರು ಎಷ್ಟು ತೆಗೆದುಕೊಳ್ಳುತ್ತೀರಿ ಅನ್ನುವುದು ಪ್ರಶ್ನೆ. ಒಬ್ಬೊಬ್ಬರೇ ಎದ್ದು ನಿಂತು ಮರುಕ ತೋರಿಸಿದರು, ತಮ್ಮ ಕಷ್ಟ ಹೇಳಿಕೊಂಡರು, ಕೂತರು. ನಮ್ಮಲ್ಲಿ ಜನಾಂಗದ ಸಮಸ್ಯೆ ಇಲ್ಲ, ಹೊರಗಿನಿಂದ ತಂದುಕೊಳ್ಳುವ ಆಸೆಯೂ ಇಲ್ಲ ಅಂದದ್ದು ಆಸ್ಟ್ರೇಲಿಯಾ. ದೊಡ್ಡ ಸಂಖ್ಯೆಯಲ್ಲಿ ಬನ್ನಿ ಅಂದದ್ದು ಡೊಮಿನಿಕನ್ ಗಣರಾಜ್ಯ ಒಂದೇ. ಮರುವರ್ಷ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ಹಡಗು 937 ಜನರನ್ನು ಹೊತ್ತು ಹ್ಯಾಂಬರ್ಗ್‌ನಿಂದ ಕ್ಯೂಬಾಕ್ಕೆ ಹೋಯಿತು. ಹೆಚ್ಚೂಕಮ್ಮಿ ಎಲ್ಲರೂ ಯಹೂದಿಗಳು. ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನು ಕ್ಯೂಬಾ ಇಳಿಸಿಕೊಳ್ಳಲಿಲ್ಲ. ಫ್ಲಾರಿಡಾದ ದೀಪಗಳು ಹಡಗಿನಿಂದ ಕಾಣುತ್ತಿದ್ದವು, ಅಮೆರಿಕವೂ ಬೇಡ ಅಂದಿತು. ಕೆನಡಾ ಕೂಡ. ಹಡಗು ಯುರೋಪಿಗೆ ವಾಪಸಾಯಿತು. ಅವರಲ್ಲಿ 254 ಜನ ಮುಂದೆ ನಾಜಿಗಳ ಹತ್ಯಾಕಾಂಡದಲ್ಲಿ ಸತ್ತರು. ಅದೇ ಮೇ ತಿಂಗಳಲ್ಲಿ ಬ್ರಿಟನ್ ಪ್ಯಾಲೆಸ್ಟೀನಿಗೆ ಹೋಗುವ ಯಹೂದಿಗಳ ಸಂಖ್ಯೆಯನ್ನೂ ಐದು ವರ್ಷಕ್ಕೆ 75,000ಕ್ಕೆ ಕಟ್ಟಿಹಾಕಿತು. ಹೋಗಲು ಜಾಗವೇ ಇಲ್ಲದ ಹಾಗೆ ಜಗತ್ತು ಮುಚ್ಚಿಕೊಂಡಿತ್ತು. ಈ ವರ್ಷಗಳನ್ನು ದಾಟಿ ಬಂದ ಒಬ್ಬ ಯಹೂದಿ "ಬಾಗಿಲ ಕೀಲಿ ನಮ್ಮ ಕೈಯಲ್ಲೇ ಇರುವ ಒಂದು ದೇಶ ನಮಗೆ ಬೇಕು" ಅಂದರೆ ಯಾವ ಬಾಯಿಂದ ಬೇಡ ಅನ್ನುವುದು?

ಬೆಂಗಳೂರಿಗೂ ಈ ಕಾಲದಲ್ಲಿ ಪರೀಕ್ಷೆ ಎದುರಾಗಿತ್ತು. ನಮ್ಮಲ್ಲಿ ಇದನ್ನು ಮಾತಾಡುವವರು ಕಡಿಮೆ. ಗಾಟಿಂಗನ್ ವಿಶ್ವವಿದ್ಯಾಲಯದಿಂದ ನಾಜಿಗಳು ಹೊರಹಾಕಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಖಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ರಾಮನ್ ಪಟ್ಟು ಹಿಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಅನ್ನುವ ಅರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಹುದ್ದೆ ಸಿಗಲಿಲ್ಲ. ಅವರು ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಅವರ ಬಂಧು, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್‌ಗೆ ಮಾತ್ರ ಮೈಸೂರು ಸಂಸ್ಥಾನ ಬಾಗಿಲು ತೆರೆಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1939ರಲ್ಲಿ ಅವರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ಕಟ್ಟಡ ಅವರು ಮಾಡಿದ್ದು. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಬೀದಿಗೆ ಬಂದಾಗ ಅವರಿಗೆ ಮನೆ ಕಟ್ಟಿಸುವ ಕೆಲಸಕ್ಕೆ ನೆಹರೂ ಸರ್ಕಾರ ಕರೆದದ್ದು ಇದೇ ನಿರಾಶ್ರಿತನನ್ನು.

ಒಬ್ಬ ಮುಸ್ಲಿಂ ದಿವಾನ, ಒಬ್ಬ ಹಿಂದೂ ಮಹಾರಾಜ, ಒಬ್ಬ ಯಹೂದಿ ವಾಸ್ತುಶಿಲ್ಪಿ. ನಮ್ಮ ಸಂಸ್ಥಾನ ಕೊಟ್ಟದ್ದು ತನ್ನ ಬೊಕ್ಕಸದ ಸಂಬಳವನ್ನು, ತನ್ನ ಊರಿನ ಕೆಲಸವನ್ನು. ಒಂದೇ ಒಂದು ಕುಟುಂಬಕ್ಕೆ ಕೊಟ್ಟದ್ದು ಅಂತ ಅನ್ನಬಹುದು. ಎವಿಯಾನ್‌ನಲ್ಲಿ ಎದ್ದು ನಿಂತ ಎಷ್ಟೋ ದೇಶಗಳು ಅಷ್ಟನ್ನೂ ಕೊಡಲಿಲ್ಲ.

ಗಾಂಧಿ ಹೇಳಿದ ಎರಡು ಮಾತು

1938ರ ನವೆಂಬರ್ 26ರ ಹರಿಜನ ಪತ್ರಿಕೆಯಲ್ಲಿ ಗಾಂಧಿ ಈ ಬಗ್ಗೆ ಬರೆದರು. ಇಂಗ್ಲೆಂಡ್ ಇಂಗ್ಲಿಷರಿಗೆ, ಫ್ರಾನ್ಸ್ ಫ್ರೆಂಚರಿಗೆ ಹೇಗೆ ಸೇರಿದ್ದೋ ಪ್ಯಾಲೆಸ್ಟೀನ್ ಹಾಗೇ ಅರಬ್ಬರಿಗೆ ಸೇರಿದ್ದು ಅನ್ನುವ ಸಾಲನ್ನು ಈಗಲೂ ಎಲ್ಲರೂ ಎತ್ತಿ ಆಡುತ್ತಾರೆ. ಅದೇ ಲೇಖನದಲ್ಲಿ ಯಹೂದಿಗಳ ಬಗ್ಗೆ ಆಳವಾದ ಕನಿಕರವೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಅವರ ಜೀವದ ಗೆಳೆಯ ಕಾಲೆನ್‌ಬಾಕ್ ಯಹೂದಿಯೇ. ಆದರೆ ಮುಂದಕ್ಕೆ ಓದಿದರೆ, ಜರ್ಮನಿಯ ಯಹೂದಿಗಳು ಅಲ್ಲೇ ನಿಂತು ಸತ್ಯಾಗ್ರಹ ಮಾಡಲಿ, ಸಾವು ಬಂದರೆ ಅದನ್ನೂ ಸಂತೋಷದಿಂದ ಎದುರುಗೊಳ್ಳಲಿ ಅನ್ನುವ ಮಾತು ಸಿಗುತ್ತದೆ. ಜರ್ಮನಿಯಲ್ಲಿ ನಾಜಿಗಳು ಬೀದಿ ಬೀದಿಯಲ್ಲಿ ಯಹೂದಿ ಅಂಗಡಿಗಳ ಗಾಜು ಒಡೆದು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟು ಮೂರು ವಾರವೂ ಆಗಿರಲಿಲ್ಲ.

ಜರ್ಮನಿಯಿಂದ ಜೆರುಸಲೇಮಿಗೆ ಬಂದಿದ್ದ ತತ್ವಜ್ಞಾನಿ ಮಾರ್ಟಿನ್ ಬೂಬರ್ 1939ರ ಫೆಬ್ರವರಿಯಲ್ಲಿ ಅವರಿಗೊಂದು ಉದ್ದನೆಯ ಪತ್ರ ಬರೆದರು. ಅದರಲ್ಲಿ ಗೌರವ ಎಷ್ಟಿದೆಯೋ ನೋವೂ ಅಷ್ಟೇ ಇದೆ. ಸಾಕ್ಷಿಯೇ ಇಲ್ಲದ ಕಡೆ, ಹೆಸರೇ ಇಲ್ಲದೆ ಸಾಯುವ ಸಾವು ಯಾರ ಮನಸ್ಸನ್ನು ಕರಗಿಸುತ್ತದೆ ಅಂತ ಬೂಬರ್ ಕೇಳಿದರು. ಇದೇ ಬೂಬರ್ ಅರಬ್ಬರ ಹಕ್ಕನ್ನು ಒಪ್ಪುತ್ತಿದ್ದರು. ಎರಡು ಜನಾಂಗಕ್ಕೂ ಸೇರಿದ ಒಂದೇ ನಾಡು ಕಟ್ಟಬೇಕು ಅಂತ ವಾದಿಸುತ್ತಿದ್ದ ಸಣ್ಣ ಗುಂಪಿನಲ್ಲಿ ಇದ್ದರು.

ನಾನು ಗಾಂಧಿಯನ್ನು ಬಹಳ ಪ್ರೀತಿಸುತ್ತೇನೆ. ಪ್ಯಾಲೆಸ್ಟೀನ್ ಬಗ್ಗೆ ಅವರ ಮಾತಿನಲ್ಲಿ ನ್ಯಾಯವಿತ್ತು ಅಂತಲೂ ನಂಬುತ್ತೇನೆ. ಜರ್ಮನಿಯ ಯಹೂದಿಗಳಿಗೆ ಹೇಳಿದ ಬುದ್ಧಿಮಾತು ಮಾತ್ರ ನನಗೆ ಇವತ್ತಿಗೂ ಅರಗುವುದಿಲ್ಲ. ಬಾಲ್ಫರ್ ದೂರ ಕೂತು ಬೇರೆಯವರ ನೆಲವನ್ನು ಕೊಟ್ಟರು. ಗಾಂಧಿ ದೂರ ಕೂತು ಬೇರೆಯವರ ಪ್ರಾಣವನ್ನು ಕೇಳಿದರು. ಗಾಂಧಿ ತಮ್ಮ ಪ್ರಾಣವನ್ನೂ ಅಷ್ಟೇ ಸಲೀಸಾಗಿ ಒಡ್ಡುತ್ತಿದ್ದರು ಅನ್ನುವುದು ನಿಜ, ಅದು ಅವರಿಬ್ಬರ ನಡುವಿನ ದೊಡ್ಡ ಅಂತರ. ಆದರೂ ಬರ್ಲಿನ್ನಿನ ಒಬ್ಬ ತಾಯಿಗೆ ಅದು ಸೇವಾಗ್ರಾಮದಿಂದ ಬಂದ ಮಾತು.

ತಾತ ಮತ್ತು ಬೈಲಕುಪ್ಪೆ

ನಮ್ಮ ಊರು ಪಿರಿಯಾಪಟ್ಟಣ ತಾಲೂಕು. ಬೈಲಕುಪ್ಪೆ ದೂರವಿಲ್ಲ. ಈಗ ಪ್ರವಾಸಿಗರು ಚಿನ್ನದ ಬಣ್ಣದ ಬುದ್ಧನನ್ನು ನೋಡಲು ಬಸ್ಸು ಮಾಡಿಕೊಂಡು ಬರುತ್ತಾರೆ. 1960ರ ಹೊತ್ತಿಗೆ ಅದು ಕಾಡು. ಆಗಿನ ಮೈಸೂರು ಸರ್ಕಾರ ಟಿಬೆಟ್‌ನಿಂದ ಓಡಿ ಬಂದವರಿಗೆ ಸುಮಾರು ಮೂರು ಸಾವಿರ ಎಕರೆ ಅಲ್ಲಿ ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಮರ ಕಡಿದು, ಆನೆ ಕಾಟ, ಜ್ವರ ಎಲ್ಲ ತಡೆದುಕೊಂಡು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಅವರ ಊರುಗಳಾದವು.

ಬೇಸಿಗೆ ರಜೆಯಲ್ಲಿ ತಾತನ ಜೊತೆ ಆ ಕಡೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ತಾತ ಒಂದು ಜೊತೆ ಹೋರಿ ನೋಡಲು ಹೊರಟಿದ್ದರು. ದಾರಿಯಲ್ಲಿ ಕೆಂಪು ಬಟ್ಟೆಯ ಸಣ್ಣ ಹುಡುಗರು ಚೆಂಡು ಒದೆಯುತ್ತಿದ್ದರು. ಒಬ್ಬ ವಯಸ್ಸಾದ ಟಿಬೆಟಿಯನ್ ರೈತ ತಾತನನ್ನು ನೋಡಿ, "ಬನ್ನಿ ಗೌಡ್ರೆ" ಅಂತ ನಮ್ಮ ಕನ್ನಡದಲ್ಲೇ ಕರೆದ. ಇಬ್ಬರೂ ಜಗುಲಿ ಮೇಲೆ ಕೂತು ಮಳೆ, ಜೋಳದ ರೇಟು, ಮೊಣಕಾಲು ನೋವು ಅಂತ ಬಹಳ ಹೊತ್ತು ಮಾತಾಡಿದರು. ನನಗೆ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟರು. ಕುಡಿಯಲು ಆಗಲಿಲ್ಲ, ತಾತ ತಮ್ಮ ಲೋಟದ ಜೊತೆ ನನ್ನದನ್ನೂ ಖಾಲಿ ಮಾಡಿದರು. ವಾಪಸ್ ಬರುವಾಗ ನಾನು, "ಅವರು ಬರೋಕೆ ಮುಂಚೆ ಇಲ್ಲಿ ಯಾರಿದ್ರು ತಾತ?" ಅಂತ ಕೇಳಿದೆ.

"ಯಾರೂ ಮನೆ ಕಟ್ಟಿರ್ಲಿಲ್ಲ ಕಣ್ ಮಗ. ಸರ್ಕಾರದ ಕಾಡು. ಆದ್ರೆ ನಮ್ ದನ ಮೇಯ್ತಿದ್ದಿದ್ದು ಇಲ್ಲೇ, ಸೌದೆ ತರ್ತಿದ್ದಿದ್ದು ಇಲ್ಲೇ. ಕೊಡುವಾಗ ನಮ್ಮನ್ನ ಯಾರೂ ಒಂದ್ ಮಾತು ಕೇಳ್ಲಿಲ್ಲ."

"ಹಂಗಾದ್ರೆ ನಿಮಗೆ ಕೋಪ ಬರ್ಲಿಲ್ವಾ?"

"ಬಂತು. ಬರದೆ ಇರ್ತದಾ? ಎಲ್ರೂ ಗೊಣಗಾಡಿದ್ವಿ. ಆಮೇಲೆ ಮಕ್ಕಳು ಮರಿ ಕಟ್ಕೊಂಡು ಚಳಿ ಜ್ವರದಲ್ಲಿ ಮಲಗಿದ್ದನ್ನ ನೋಡುದ್ವಿ. ಅವರೂ ನಮ್ ಹೊಲಕ್ಕೆ ಕಾಲಿಡ್ಲಿಲ್ಲ."

ಕೊನೆಯ ಮಾತು ಆಗ ನನ್ನ ತಲೆಗೆ ಹತ್ತಲಿಲ್ಲ. ಈಗ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಕೊಟ್ಟ ಸರ್ಕಾರ ನಮ್ಮದು, ಕೊಟ್ಟ ಕಾಡು ನಮ್ಮದು, ಪಕ್ಕದಲ್ಲಿ ಬದುಕಬೇಕಾದವರೂ ನಾವೇ. ತಪ್ಪಾದರೆ ಅದರ ಫಲ ನಮ್ಮ ತಾಲೂಕೇ ಉಣ್ಣಬೇಕಿತ್ತು. ಪ್ಯಾಲೆಸ್ಟೀನಿನಲ್ಲಿ ಕೊಟ್ಟವರು ಬೇರೆ, ಕಳೆದುಕೊಂಡವರು ಬೇರೆ.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲು ಆಗುವುದಿಲ್ಲ. ಬೈಲಕುಪ್ಪೆ ಆಶ್ರಯ, ತಾಯ್ನಾಡಲ್ಲ. ನಾವು ಎಷ್ಟೇ ಪ್ರೀತಿಯಿಂದ ಇಟ್ಟುಕೊಂಡರೂ ಅಲ್ಲಿನ ಹಿರಿಯರು ಲಾಸಾ ಕಡೆಗೇ ಮುಖ ಮಾಡಿ ಪ್ರಾರ್ಥಿಸುತ್ತಾರೆ. ಕೊಚ್ಚಿಯ ಯಹೂದಿಗಳನ್ನೂ ನೋಡಿ. ಕೇರಳದ ರಾಜರು ಅವರನ್ನು ನೂರಾರು ವರ್ಷ ಗೌರವದಿಂದ ಇಟ್ಟುಕೊಂಡಿದ್ದರು. ಯಾರೂ ಅವರನ್ನು ಓಡಿಸಲಿಲ್ಲ. ಆದರೂ 1950ರ ದಶಕದಲ್ಲಿ ಊರಿಗೆ ಊರೇ ಎದ್ದು ಇಸ್ರೇಲಿಗೆ ಹೋಯಿತು. ನೆಗೆವ್ ಮರುಭೂಮಿಯ ನೆವಾತಿಮ್‌ನಲ್ಲಿ ನೆಲೆಸಿ ಹೂವು ಬೆಳೆದರು. ಭಯ ಮಾತ್ರವೇ ಜನರನ್ನು ಅಲ್ಲಿಗೆ ಎಳೆಯಲಿಲ್ಲ. ಎರಡು ಸಾವಿರ ವರ್ಷ ಪ್ರತಿ ಹಬ್ಬದಲ್ಲೂ ಜೆರುಸಲೇಮಿನ ಹೆಸರು ಹೇಳಿದವರ ಹಂಬಲ ಅದು. ಆಶ್ರಯ ಸಿಕ್ಕಿದರೆ ಸಾಕಿತ್ತಲ್ಲ ಅನ್ನುವವರು ಈ ಹಂಬಲವನ್ನು ಅಳೆದಿಲ್ಲ.

ಹೈಫಾ, ಮತ್ತೆ

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ಟೀನನ್ನು ಎರಡು ಭಾಗ ಮಾಡಲು ಮತ ಹಾಕಿತು. ಪರ 33, ವಿರುದ್ಧ 13, ತಟಸ್ಥ 10. ಭಾರತ ವಿರುದ್ಧ ಮತ ಹಾಕಿತು. ಒಂದು ಗೆರೆ ಎಳೆದರೆ ಏನಾಗುತ್ತದೆ ಅಂತ ಪಂಜಾಬಿನಲ್ಲಿ ನಾವು ಆಗಷ್ಟೇ ಕಂಡಿದ್ದೆವು. ಭಾರತ, ಇರಾನ್, ಯುಗೊಸ್ಲಾವಿಯಾ ಸೇರಿ ಬೇರೊಂದು ದಾರಿ ಮುಂದಿಟ್ಟಿದ್ದವು: ಎರಡು ರಾಜ್ಯ, ಒಂದು ಒಕ್ಕೂಟ, ಜೆರುಸಲೇಮ್ ರಾಜಧಾನಿ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಹೂದಿಗಳ ನಾಡನ್ನು ಬೆಂಬಲಿಸಿ ಅಂತ ಐನ್‌ಸ್ಟೈನ್ ಆ ಬೇಸಿಗೆಯಲ್ಲಿ ನೆಹರೂಗೆ ಪತ್ರ ಬರೆದಿದ್ದರು. ಯಹೂದಿಗಳ ಬಗ್ಗೆ ನನಗೆ ಬಹಳ ಸಹಾನುಭೂತಿ ಇದೆ, ಅರಬ್ಬರ ಸಂಕಟದ ಬಗ್ಗೆಯೂ ಇದೆ ಅಂತ ನೆಹರೂ ಉತ್ತರಿಸಿದರು. ಆಗ ಯಹೂದಿಗಳು ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲು. ಅವರಿಗೆ ಸಿಗುವುದಿದ್ದ ನೆಲ ಅರ್ಧಕ್ಕಿಂತ ಹೆಚ್ಚು. ಯಹೂದಿ ನಾಯಕರು ಒಪ್ಪಿದರು, ಅರಬ್ ನಾಯಕರು ಒಪ್ಪಲಿಲ್ಲ, ಯುದ್ಧ ಶುರುವಾಯಿತು.

ನಮ್ಮ ಸವಾರರು ಗೆದ್ದ ಹೈಫಾ 1948ರ ಏಪ್ರಿಲ್‌ನಲ್ಲಿ ಯಹೂದಿ ಪಡೆ ಹಗಾನಾದ ಕೈಗೆ ಬಂತು. ಬಂದರಿನ ಕಡೆ ಜನ ಓಡಿದರು, ದೋಣಿ ಹತ್ತಿ ಅಕ್ಕಾ ಕಡೆಗೆ, ಲೆಬನಾನ್ ಕಡೆಗೆ ಹೋದರು. ಹೋಗಬೇಡಿ ಅಂತ ಊರಿನ ಯಹೂದಿ ಮೇಯರ್ ಶಬ್ತಾಯ್ ಲೆವಿ ಬೇಡಿಕೊಂಡರು. ಅರವತ್ತು ಸಾವಿರಕ್ಕೂ ಮೇಲಿದ್ದ ಅರಬ್ಬರಲ್ಲಿ ಉಳಿದದ್ದು ಕೆಲವೇ ಸಾವಿರ. ಇಡೀ ದೇಶದಲ್ಲಿ ಸುಮಾರು ಏಳು ಲಕ್ಷ ಜನ ಮನೆ ಬಿಟ್ಟರು. ವಾಪಸ್ ಬರಲು ಬಿಡಬೇಕು ಅಂತ ಆ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಹೇಳಿತು. ಬಿಡಲಿಲ್ಲ.

ನನ್ನ ಹೆಂಡತಿಯ ತವರು ಉಡುಪಿ ಕಡೆ. ಅವರ ನೆರೆಮನೆಯ ಅಕ್ಕ ಒಬ್ಬರು ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಕರಾವಳಿಯಿಂದ ಬಹಳ ಜನ ಈ ಕೆಲಸಕ್ಕೆ ಇಸ್ರೇಲಿಗೆ ಹೋಗಿದ್ದಾರೆ. 2024ರಲ್ಲಿ ಲೆಬನಾನ್‌ನಿಂದ ರಾಕೆಟ್ ಬೀಳುತ್ತಿದ್ದ ದಿನಗಳಲ್ಲಿ ನಾವು ಅವರಿಗೆ ಫೋನ್ ಮಾಡುತ್ತಿದ್ದೆವು. ಅವರು ನೋಡಿಕೊಳ್ಳುವ ಅಜ್ಜಿ ಹುಟ್ಟಿದ್ದು ಬಾಗ್ದಾದಿನಲ್ಲಿ. 1941ರ ಜೂನ್‌ನಲ್ಲಿ ಆ ಊರಿನಲ್ಲಿ ಯಹೂದಿಗಳ ಮೇಲೆ ದೊಡ್ಡ ದಾಳಿ ನಡೆಯಿತು. ಹತ್ತು ವರ್ಷದಲ್ಲಿ ಇರಾಕಿನ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ವಿಮಾನದಲ್ಲಿ ಇಸ್ರೇಲಿಗೆ ಬಂದರು. ಅವರಲ್ಲಿ ಈ ಅಜ್ಜಿಯೂ ಒಬ್ಬರು. ಮೊದಲು ಡೇರೆಯಲ್ಲಿ ವಾಸ.

"ಅಜ್ಜಿಗೆ ಈಗಲೂ ಅರೇಬಿಕ್ ಪದ್ಯ ಹಾಕ್ಬೇಕು ಮಾರಾಯ್ರೆ, ಇಲ್ಲದಿದ್ರೆ ನಿದ್ದೆ ಇಲ್ಲ. ಅರಬ್ಬರನ್ನು ಕಂಡ್ರೆ ಮಾತ್ರ ಆಗುದಿಲ್ಲ. ಟೀವಿ ನೋಡ್ತಾ ಬೈತಾರೆ. ನಾನು ವಾದಿ ನಿಸ್ನಾಸ್ ಮಾರ್ಕೆಟಿಗೆ ತರಕಾರಿಗೆ ಹೋಗುದು, ಅಲ್ಲಿ ಎಲ್ಲ ಅರಬ್ಬರ ಅಂಗಡಿ. ನಮ್ಮ ತರಕಾರಿಯವನ ದೊಡ್ಡಪ್ಪನವರ ಮನೆಯವರೆಲ್ಲ 48ರಲ್ಲಿ ದೋಣಿಯಲ್ಲಿ ಹೋದವರಂತೆ. ಲೆಬನಾನಿನಲ್ಲಿ ಇದ್ದಾರೆ. ರಾಕೆಟ್ ಆ ಕಡೆಯಿಂದಲೇ ಬರುದು, ಬಾಂಬು ಆ ಕಡೆಗೇ ಹೋಗುದು. ಅವನಿಗೆ ಎರಡಕ್ಕೂ ಹೆದರಿಕೆ."

ಅಜ್ಜಿಗೆ ಆ ದೇಶದಲ್ಲಿ ಹಕ್ಕಿದೆಯೇ ಅಂತ ಈಗ ಕೇಳುವುದು ಅನ್ಯಾಯ. ಬಾಗ್ದಾದಿನ ಅವರ ಮನೆ ಹೋಯಿತು, ಅಲ್ಲಿಗೆ ವಾಪಸ್ ಹೋಗುವ ದಾರಿ ಇಲ್ಲ. ಇಸ್ರೇಲಿನ ಯಹೂದಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಹೀಗೆ ಅರಬ್ ಮತ್ತು ಮುಸ್ಲಿಂ ನಾಡುಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಅವರನ್ನು "ಯುರೋಪಿಗೆ ಹೋಗಿ" ಅನ್ನುವ ಘೋಷಣೆಯನ್ನು ಬೆಂಗಳೂರಿನಲ್ಲೂ ಕೇಳಿದ್ದೇನೆ, ನಾಚಿಕೆಯಾಯಿತು. ತರಕಾರಿಯವನ ದೊಡ್ಡಪ್ಪನಿಗೂ ಅಷ್ಟೇ ಹಕ್ಕಿತ್ತು. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಯಹೂದಿ ಇಸ್ರೇಲಿನ 1950ರ ಕಾಯ್ದೆಯ ಪ್ರಕಾರ ನಾಳೆ ಹೈಫಾಕ್ಕೆ ಬಂದು ಪ್ರಜೆಯಾಗಬಹುದು. ಹೈಫಾದಲ್ಲೇ ಹುಟ್ಟಿದ ಆ ಮನುಷ್ಯ ಬರುವಂತಿಲ್ಲ.

ನನ್ನ ಉತ್ತರ

ಹಾಗಾಗಿ ಊಟದ ಪಂಕ್ತಿಯ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದ. ಯಹೂದಿಗಳು ಆ ನೆಲದಲ್ಲಿ ಹೆದರಿಕೆ ಇಲ್ಲದೆ, ತಮ್ಮದೇ ದೇಶದಲ್ಲಿ ಬದುಕುವುದನ್ನು ನಾನು ಬೆಂಬಲಿಸುತ್ತೇನೆ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದು 251 ಜನರನ್ನು ಎತ್ತಿಕೊಂಡು ಹೋದದ್ದನ್ನು ಹೋರಾಟ ಅಂತ ನಾನು ಕರೆಯಲಾರೆ. ಆದರೆ ಯಹೂದಿಗಳಿಗೆ ಕೊಡುವ ನನ್ನ ಬೆಂಬಲ, ಇಸ್ರೇಲ್ 1967ರ ಯುದ್ಧದಲ್ಲಿ ಹಿಡಿದ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿಯರ ನಡುವೆ ಐದು ಲಕ್ಷ ಜನರನ್ನು ತಂದು ನೆಲೆಗೊಳಿಸುವುದಕ್ಕೆ ಅನ್ವಯಿಸುವುದಿಲ್ಲ. ಗಾಜಾದಲ್ಲಿ ನಡೆದದ್ದಕ್ಕೂ ಅನ್ವಯಿಸುವುದಿಲ್ಲ. ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 60,000 ದಾಟಿದ್ದಾರೆ, ಅವರಲ್ಲಿ ಮಕ್ಕಳ ಸಂಖ್ಯೆ ಓದಿದರೆ ಎದೆ ಒಡೆಯುತ್ತದೆ. ಜೋರ್ಡನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಈಗ ಸುಮಾರು ಎಪ್ಪತ್ತು ಲಕ್ಷ ಯಹೂದಿಗಳು, ಹೆಚ್ಚೂಕಮ್ಮಿ ಅಷ್ಟೇ ಪ್ಯಾಲೆಸ್ಟೀನಿಯರು ಇದ್ದಾರೆ. ಒಬ್ಬರನ್ನು ಅಳಿಸಿ ಇನ್ನೊಬ್ಬರಿಗೆ ಕೊಡುವ ಬೆಂಬಲ ನನ್ನಲ್ಲಿಲ್ಲ.

ನಮ್ಮಲ್ಲಿ ಎಷ್ಟೋ ಜನರ ಬೆಂಬಲಕ್ಕೂ ಆ ನಾಡಿಗೂ ಸಂಬಂಧವೇ ಇಲ್ಲ. ನಮ್ಮೂರಿನ ಮುಸ್ಲಿಮರ ಮೇಲಿನ ಸಿಟ್ಟಿಗೆ ಇಸ್ರೇಲಿನ ಬಾವುಟ ಹಿಡಿದವರಿದ್ದಾರೆ. ಪ್ಯಾಲೆಸ್ಟೀನಿನ ಬಾವುಟ ಹಿಡಿದು, ಹಿಟ್ಲರ್ ಕೆಲಸ ಅರ್ಧಕ್ಕೆ ಬಿಟ್ಟ ಅಂತ ಬರೆದವರನ್ನೂ ಓದಿದ್ದೇನೆ. ಬಾಲ್ಫರ್ ಕಾಲದಲ್ಲೂ ಹೀಗೇ ಅಲ್ವಾ? ಮನೆಯ ಲೆಕ್ಕಾಚಾರಕ್ಕೆ ಹೊರಗಿನ ನೆಲವನ್ನು ಬಳಸಿಕೊಂಡದ್ದು.

ಭಾರತ 1950ರಲ್ಲಿ ಇಸ್ರೇಲನ್ನು ಮಾನ್ಯ ಮಾಡಿತು, 1988ರಲ್ಲಿ ಪ್ಯಾಲೆಸ್ಟೀನನ್ನು. 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಇಬ್ಬರನ್ನೂ ಒಪ್ಪಿಕೊಂಡ ಆ ಕಾಗದದ ನಿಲುವು ನನಗೆ ಸರಿ ಅನ್ನಿಸುತ್ತದೆ. ಆದರೆ 2023ರ ಅಕ್ಟೋಬರ್ 27ರಂದು ಗಾಜಾದಲ್ಲಿ ಕದನ ನಿಲ್ಲಿಸಿ ಅನ್ನುವ ನಿರ್ಣಯಕ್ಕೆ ನಾವು ತಟಸ್ಥರಾದೆವು, ಡಿಸೆಂಬರ್ 12ರಂದು ಅಂಥದೇ ನಿರ್ಣಯಕ್ಕೆ ಹೌದು ಅಂದೆವು. ನಡುವಿನ ಆರು ವಾರದಲ್ಲಿ ಸಾವಿರಾರು ಜನ ಸತ್ತರು. ಯುದ್ಧಕ್ಕೆ ಮುಂಚೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ದಿನಾ ಇಸ್ರೇಲಿಗೆ ಕೂಲಿಗೆ ಹೋಗುತ್ತಿದ್ದರು. ಅವರ ಪರವಾನಗಿ ರದ್ದಾಯಿತು. 2024ರಲ್ಲಿ ಉತ್ತರ ಪ್ರದೇಶ, ಹರಿಯಾಣದ ಮೇಸ್ತ್ರಿಗಳು, ಕಂಬಿ ಕಟ್ಟುವವರು, ಟೈಲ್ಸ್ ಹಾಕುವವರು ಸರದಿಯಲ್ಲಿ ನಿಂತು ಆ ಕೆಲಸಕ್ಕೆ ಹೋದರು. ಮನೆಯಲ್ಲಿ ಸಾಲ ಇದ್ದವರನ್ನು ನಾನು ದೂರಲಾರೆ. ಆದರೆ ಯಾರ ಜಾಗಕ್ಕೆ ಹೋಗುತ್ತಿದ್ದೀರಿ, ಅವರ ಮನೆಯಲ್ಲಿ ಒಲೆ ಹೇಗೆ ಹತ್ತುತ್ತದೆ ಅಂತ ಕಳಿಸಿದ ಸರ್ಕಾರಗಳು ಅವರಿಗೆ ಹೇಳಬೇಕಿತ್ತು. ಯಾರ ಪರ ಅಂತ ನನ್ನನ್ನು ಕೇಳುವವರ ಜೊತೆ ಈಗ ನಾನು ಮಾತು ಶುರು ಮಾಡುವುದು ಈ ಮೇಸ್ತ್ರಿಗಳಿಂದ.